ಹಾಡುತ್ತ ಹಾಡುತ್ತ ರಾಗ ಬಂದೀತೆ?

'ಹಾಡುತ್ತ ಹಾಡುತ್ತ ರಾಗ, ನರಳುತ್ತ ನರಳುತ್ತ ರೋಗ' ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಮಗ್ಗಿ ತಪ್ಪಿದ ಹುಡುಗನಿಗೆ ಮಾಸ್ತರರು, ಚೆಂಡನ್ನು ನೆಟ್‌ಗೆ ಹೊಡೆದ ವಾಲಿಬಾಲ್ ಆಟಗಾರನಿಗೆ ತರಬೇತುದಾರರು, ಶ್ರುತಿ ತಪ್ಪಿದ ಮಗಳಿಗೆ ತಾಯಿ, ಎಲ್ಲರೂ ಧೈರ್ಯ ಹೇಳುವುದು ಈ ಗಾದೆಯ ಮೊದಲರ್ಧದಿಂದಲೇ. ಎರಡನೆಯ ಅರ್ಧವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಆದರೆ ಗಾದೆಯ ತೂಕವಿರುವುದು ಎರಡನ್ನೂ ಜೋಡಿಸಿ ನೋಡಿದಾಗ. ಮತ್ತೆ ಮತ್ತೆ ಮಾಡಿದ್ದು ಗಟ್ಟಿಯಾಗುತ್ತದೆ ಎಂಬುದು ನಿಜ. ಗಟ್ಟಿಯಾದದ್ದು ರಾಗವೇ ಆಗಿರಬೇಕೆಂಬ ನಿಯಮವಿಲ್ಲ. ತಪ್ಪು ಹೆಜ್ಜೆಯನ್ನು ಸಾವಿರ ಸಲ ಹಾಕಿದವನಿಗೆ ತಪ್ಪು ಹೆಜ್ಜೆಯೇ ಕರಗತವಾಗುತ್ತದೆ.

ಹಾಗಾದರೆ ಎಂಥ ಅಭ್ಯಾಸದಿಂದ ರಾಗ ಬರುತ್ತದೆ, ಎಂಥದರಿಂದ ರೋಗ ಬರುತ್ತದೆ? ಕಳೆದ ಐವತ್ತು ವರ್ಷಗಳಲ್ಲಿ ಮನಶ್ಶಾಸ್ತ್ರಜ್ಞರು ಪ್ರಯೋಗಶಾಲೆಗಳಲ್ಲಿ, ಆಟದ ಮೈದಾನಗಳಲ್ಲಿ, ತರಗತಿಗಳಲ್ಲಿ ಈ ಪ್ರಶ್ನೆಯ ಬೆನ್ನು ಹತ್ತಿದ್ದಾರೆ. ಅವರು ಕಂಡುಕೊಂಡ ಸಂಗತಿಗಳಲ್ಲಿ ಕೆಲವು ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಜನರಿಗೆ ಹೊಸದೆನ್ನಿಸಲಾರವು. ಇಲ್ಲಿನ ಬಡಗುತಿಟ್ಟು ಯಕ್ಷಗಾನದ ಮೇಳಗಳು ಯಾವ ಪಠ್ಯಕ್ರಮವನ್ನೂ ಬರೆದಿಡದೆ, ಕಲಿಕೆಯ ಒಂದು ಪಕ್ವವಾದ ವ್ಯವಸ್ಥೆಯನ್ನು ಬಹುಕಾಲ ನಡೆಸಿಕೊಂಡು ಬಂದವು. ಅದರ ಒಳಹೊರಗನ್ನು ನೋಡಿದರೆ ಶಾಲೆಯ ಉಪಾಧ್ಯಾಯರಿಗೂ ಕ್ರೀಡಾ ತರಬೇತುದಾರರಿಗೂ ಕಲಿಯುವುದು ಸಾಕಷ್ಟಿದೆ.

ಹೆಜ್ಜೆಗೆ ಮೊದಲು ಕೈ

ಯಕ್ಷಗಾನದ ಪಾಠ ಗೆಜ್ಜೆ ಕಟ್ಟುವುದರಿಂದ ಆರಂಭವಾಗುವುದಿಲ್ಲ. ವಿದ್ಯಾರ್ಥಿ ನೆಲದ ಮೇಲೆ ಕುಳಿತು ಕೈಯಲ್ಲಿ ತಾಳ ಹಾಕುವುದನ್ನು ಮೊದಲು ಕಲಿಯುತ್ತಾನೆ. ಏಕ, ರೂಪಕ, ಝಂಪೆ, ತ್ರಿವುಡೆ, ಅಷ್ಟ, ಆದಿ ಮೊದಲಾದ ತಾಳಗಳ ಪೆಟ್ಟುಗಳು ಕೈಗೆ ಹತ್ತಬೇಕು. ಆಮೇಲೆ ಆ ತಾಳದ ನುಡಿಗಳು ಬಾಯಿಗೆ ಬರಬೇಕು. ಬಾಯಿ ಹೇಳಿದ್ದನ್ನು ಕಾಲು ನಿಧಾನಗತಿಯಲ್ಲಿ ಹಾಕಬೇಕು. ಕಾಲು ತಪ್ಪದೆ ಬಂದ ಮೇಲೆ ಕೈಯ ಚಲನೆ ಸೇರುತ್ತದೆ, ನಂತರ ವೇಗ ಹೆಚ್ಚುತ್ತದೆ, ಕೊನೆಗೆ ಭಾಗವತರ ಪದ್ಯ ಸೇರುತ್ತದೆ. ಪದ್ಯದ ಮುಕ್ತಾಯ, ಬಿಡ್ತಿಗೆ, ಪ್ರಯಾಣದ ಕುಣಿತ, ಯುದ್ಧದ ಕುಣಿತ, ಒಡ್ಡೋಲಗ ಇವೆಲ್ಲ ಬಿಡಿಬಿಡಿಯಾಗಿ ಬರುತ್ತವೆ.

ಇದರ ಹಿಂದಿನ ತರ್ಕ ಸರಳ. ಮನುಷ್ಯನ ಗಮನ ಏಕಕಾಲಕ್ಕೆ ಹಿಡಿಯಬಲ್ಲದ್ದು ಬಹಳ ಕಡಿಮೆ. ತಾಳ, ಹೆಜ್ಜೆ, ಕೈ, ಮುಖ, ಮಾತು ಐದನ್ನೂ ಒಮ್ಮೆಗೇ ಹೊರಿಸಿದರೆ ಹೊಸಬ ಒಂದನ್ನೂ ಸರಿಯಾಗಿ ಹಿಡಿಯಲಾರ. ತಾಳ ಕೈಗೆ ಹತ್ತಿ, ಅದಕ್ಕೆ ಗಮನವೇ ಬೇಡವೆಂದಾದ ಮೇಲೆ, ಉಳಿದ ಗಮನ ಹೆಜ್ಜೆಗೆ ಸಿಗುತ್ತದೆ. ಹೆಜ್ಜೆ ತಾನಾಗಿ ಬೀಳತೊಡಗಿದಾಗ ಮುಖದ ಭಾವಕ್ಕೆ ಎಡೆಯಾಗುತ್ತದೆ. ಭಾಗಾಕಾರ ಬಾರದ ಮಗುವಿಗೆ ನೋಡಬೇಕಾದದ್ದು ಭಾಗಾಕಾರವನ್ನಲ್ಲ, ಅದರೊಳಗೆ ಅಡಗಿರುವ ಮಗ್ಗಿಯನ್ನು ಎಂಬುದನ್ನು ಅನುಭವಿ ಮಾಸ್ತರರು ಬಲ್ಲರು. ಮಗ್ಗಿಯನ್ನು ನೆನಪಿಸಿಕೊಳ್ಳುವುದರಲ್ಲೇ ಗಮನವೆಲ್ಲ ಖರ್ಚಾದರೆ ಭಾಗಾಕಾರದ ಕ್ರಮವನ್ನು ಹಿಡಿಯಲು ಏನೂ ಉಳಿಯುವುದಿಲ್ಲ.

ಹತ್ತು ಸಾವಿರ ಗಂಟೆಯ ಕಥೆ

ಅಭ್ಯಾಸದ ಬಗ್ಗೆ ಮಾತೆತ್ತಿದರೆ ಇಂದು ಹತ್ತು ಸಾವಿರ ಗಂಟೆಯ ಪ್ರಸ್ತಾಪ ಬಾರದಿರದು. ಇದರ ಮೂಲ 1993ರ ಒಂದು ಅಧ್ಯಯನ. ಆಂಡರ್ಸ್ ಎರಿಕ್‌ಸನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಬರ್ಲಿನ್ನಿನ ಸಂಗೀತ ಶಾಲೆಯ ಪಿಟೀಲು ವಿದ್ಯಾರ್ಥಿಗಳನ್ನು ಪರಿಶೀಲಿಸಿದರು. ಅತ್ಯುತ್ತಮರು ಎನ್ನಿಸಿಕೊಂಡವರು 18ನೆಯ ವಯಸ್ಸಿಗೆ ಸರಾಸರಿ 7,410 ಗಂಟೆ ಒಂಟಿಯಾಗಿ ಅಭ್ಯಾಸ ಮಾಡಿದ್ದರು. ಅವರಿಗಿಂತ ಒಂದು ಮೆಟ್ಟಿಲು ಕೆಳಗಿನವರು 5,301 ಗಂಟೆ. ಮುಂದೆ ಸಂಗೀತದ ಉಪಾಧ್ಯಾಯರಾಗಲು ಓದುತ್ತಿದ್ದವರು 3,420 ಗಂಟೆ. ಅತ್ಯುತ್ತಮರ ಮೊತ್ತ 20ನೆಯ ವಯಸ್ಸಿಗೆ ಸುಮಾರು ಹತ್ತು ಸಾವಿರ ಗಂಟೆ ಆಗಿತ್ತು. 2008ರಲ್ಲಿ ಮಾಲ್ಕಂ ಗ್ಲಾಡ್‌ವೆಲ್ ಎಂಬ ಲೇಖಕರ ಪುಸ್ತಕದ ಮೂಲಕ ಈ ಸಂಖ್ಯೆ ಜಗತ್ತಿನ ಬಾಯಿಪಾಠವಾಯಿತು.

ಆ ಸಂಖ್ಯೆ ಮಂತ್ರವಲ್ಲ, ಸರಾಸರಿ ಮಾತ್ರ ಎಂದು ಎರಿಕ್‌ಸನ್ ಅವರೇ ಮುಂದೆ ಸ್ಪಷ್ಟಪಡಿಸಿದರು. ಅತ್ಯುತ್ತಮರಲ್ಲೇ ಅರ್ಧದಷ್ಟು ಮಂದಿ ಆ ವಯಸ್ಸಿಗೆ ಅಷ್ಟು ಗಂಟೆಯನ್ನು ಮುಟ್ಟಿರಲಿಲ್ಲ. ಅವರು ಒತ್ತಿ ಹೇಳಿದ್ದು ಗಂಟೆಗಳನ್ನಲ್ಲ, ಗಂಟೆಯೊಳಗೆ ನಡೆಯುವ ಕೆಲಸವನ್ನು. ಇನ್ನೂ ಬಾರದ ಒಂದು ಸಣ್ಣ ಅಂಶವನ್ನು ಗುರುತಿಸಿ, ಅದನ್ನೇ ಗುರಿಯಾಗಿಟ್ಟು, ತಪ್ಪಿದ್ದು ಎಲ್ಲಿ ಎಂದು ಕೂಡಲೇ ತಿಳಿದು, ತಿದ್ದಿ ಮತ್ತೆ ಮಾಡುವುದು. ಇದು ಮನಸ್ಸಿಗೆ ದಣಿವು ತರುವ ಕೆಲಸ. ಆದ್ದರಿಂದಲೇ ಆ ಪಿಟೀಲು ವಾದಕರು ದಿನವಿಡೀ ಬಾರಿಸುತ್ತಿರಲಿಲ್ಲ. ನಡುವೆ ವಿಶ್ರಾಂತಿ ಕೊಟ್ಟು ಬಾರಿಸುತ್ತಿದ್ದರು. ಉತ್ತಮರು ಉಳಿದವರಿಗಿಂತ ಹೆಚ್ಚು ನಿದ್ರೆ ಮಾಡುತ್ತಿದ್ದರು ಕೂಡ.

ಅಭ್ಯಾಸವೇ ಸರ್ವಸ್ವ ಎನ್ನುವಂತೆಯೂ ಇಲ್ಲ. 2014ರಲ್ಲಿ ಬ್ರೂಕ್ ಮ್ಯಾಕ್ನಮಾರಾ ಮತ್ತು ಸಂಗಡಿಗರು 88 ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ, ಜನರ ಸಾಧನೆಯಲ್ಲಿ ಕಾಣುವ ಅಂತರದಲ್ಲಿ ಅಭ್ಯಾಸದಿಂದ ವಿವರಿಸಬಹುದಾದದ್ದು ಸಂಗೀತದಲ್ಲಿ ಶೇ. 21, ಕ್ರೀಡೆಯಲ್ಲಿ ಶೇ. 18, ಶಿಕ್ಷಣದಲ್ಲಿ ಶೇ. 4 ಎಂದು ಕಂಡುಬಂತು. ಮೈಕಟ್ಟು, ಮನೆಯ ಪರಿಸ್ಥಿತಿ, ಆರಂಭಿಸಿದ ವಯಸ್ಸು, ದೊರೆತ ಗುರು ಇವೆಲ್ಲದಕ್ಕೂ ಪಾಲಿದೆ. ಉಪಾಧ್ಯಾಯರ ಕೈಯಲ್ಲಿ ಇವೆಲ್ಲ ಇಲ್ಲ. ಅಭ್ಯಾಸದ ರೀತಿ ಮಾತ್ರ ಅವರ ಕೈಯಲ್ಲಿದೆ. ಅದನ್ನು ಕುರಿತು ಯೋಚಿಸುವುದಕ್ಕೆ ಇಷ್ಟು ಕಾರಣ ಸಾಕು.

ಕೋಡಂಗಿಯ ಪಾಠಶಾಲೆ

ದೀಪಾವಳಿಯ ಆಚೀಚೆ ಹೊರಟ ಮೇಳ ಮೇ ತಿಂಗಳ ಕೊನೆಗೆ, ಮಳೆ ಹಿಡಿಯುವ ಮೊದಲು ಗೆಜ್ಜೆ ಬಿಚ್ಚುತ್ತದೆ. ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ, ಸೌಕೂರುಗಳಂಥ ಕ್ಷೇತ್ರಗಳ ಹರಕೆ ಮೇಳಗಳಿರಲಿ, ಸಾಲಿಗ್ರಾಮ, ಪೆರ್ಡೂರಿನಂಥ ಡೇರೆ ಮೇಳಗಳಿರಲಿ, ತಿರುಗಾಟವೆಂದರೆ 150ಕ್ಕೂ ಮೀರಿದ ರಾತ್ರಿಗಳು. ಹಿಂದೆ ಪ್ರತಿ ರಾತ್ರಿಯೂ ಪ್ರಸಂಗ ತೊಡಗುವ ಮೊದಲು ಪೂರ್ವರಂಗ ನಡೆಯಬೇಕಿತ್ತು. ಮೊದಲು ಕೋಡಂಗಿಗಳು, ಆಮೇಲೆ ಬಾಲಗೋಪಾಲರು, ಆಮೇಲೆ ಪೀಠಿಕೆಯ ಸ್ತ್ರೀವೇಷ.

ನೋಡುವವರಿಗೆ ಇದು ಜನ ಸೇರುವವರೆಗಿನ ಕಾಲಕ್ಷೇಪ. ಮೇಳಕ್ಕೆ ಇದು ಪಾಠಶಾಲೆ. ಹೊಸದಾಗಿ ಸೇರಿದ ಹುಡುಗ ಮೊದಲು ಕಟ್ಟುತ್ತಿದ್ದುದು ಕೋಡಂಗಿ ವೇಷ. ವೇಷಭೂಷಣ ಅಲ್ಪ, ಮಾತು ಕಡಿಮೆ, ಕುಣಿತ ಸರಳ. ತಪ್ಪಿದರೆ ನಗುವವರೂ ಕೆಲವರೇ. ಅಲ್ಲಿ ಕಾಲು ಕುದುರಿದ ಮೇಲೆ ಬಾಲಗೋಪಾಲ. ಅಲ್ಲಿಂದ ಸಣ್ಣಪುಟ್ಟ ಸ್ತ್ರೀವೇಷ, ದೂತ, ಬಲ. ಹಾಗೆಯೇ ಕೇದಗೆ ಮುಂದಲೆ ಕಟ್ಟುವ ಅಭಿಮನ್ಯು, ಬಭ್ರುವಾಹನರಂಥ ಪುಂಡುವೇಷ. ವರ್ಷಗಳು ಕಳೆದ ಮೇಲೆ ಮುಂಡಾಸು, ಎರಡನೇ ವೇಷ. ಹಿಮ್ಮೇಳದಲ್ಲೂ ಇದೇ ಕ್ರಮ. ಪೂರ್ವರಂಗಕ್ಕೆ ಹಾಡುವವನು ಕಿರಿಯ ಭಾಗವತ. ಅವನನ್ನು ಸಂಗೀತಗಾರ ಎನ್ನುತ್ತಿದ್ದರು. ಮುಖ್ಯ ಭಾಗವತರು ತಾಳ ಹಿಡಿಯುತ್ತಿದ್ದುದು ರಾತ್ರಿ ಏರಿದ ಮೇಲೆ.

ತನ್ನ ಕೆಲಸ ಮುಗಿದ ಹುಡುಗನಿಗೆ ಉಳಿದ ಇಡೀ ರಾತ್ರಿ ನೋಡುವ ಅವಕಾಶವಿತ್ತು. ಚೌಕಿಯಲ್ಲಿ ಹಿರಿಯರು ಬಣ್ಣ ಹಚ್ಚುವುದನ್ನು, ರಂಗಸ್ಥಳದ ಬದಿಯಿಂದ ಅವರು ಕುಣಿಯುವುದನ್ನು ನೋಡುತ್ತಿದ್ದ. ನಾಳೆ ತಾನು ಮಾಡಬೇಕಾದದ್ದನ್ನು ಇಂದು ನೋಡಿ, ಇಂದು ನೋಡಿದ್ದನ್ನು ನಾಳೆ ಮಾಡಿ, ನಾಡಿದ್ದು ಮತ್ತೆ ನೋಡುವ ಈ ಚಕ್ರ ಒಂದೇ ತಿರುಗಾಟದಲ್ಲಿ ನೂರಾರು ಸಲ ತಿರುಗುತ್ತಿತ್ತು.

ಇಲ್ಲಿ ಇನ್ನೊಂದು ವಿಶೇಷವಿದೆ. ಯಕ್ಷಗಾನದಲ್ಲಿ ನಾಟಕದಂತೆ ತಿಂಗಳುಗಟ್ಟಲೆ ತಾಲೀಮು ಇಲ್ಲ. ಇಂದು ಇಂಥ ಪ್ರಸಂಗ ಎಂದು ಗೊತ್ತಾದ ಮೇಲೆ ವೇಷ ಹಂಚಿಕೆಯಾಗುತ್ತದೆ. ಮಾತು ಬರೆದಿಟ್ಟದ್ದಲ್ಲ, ಎದುರಾಳಿಯ ಮಾತಿಗೆ ತಕ್ಕಂತೆ ಹುಟ್ಟಬೇಕಾದದ್ದು. ಪದ್ಯವನ್ನು ಭಾಗವತರು ಇಂದು ನಿಧಾನವಾಗಿ ಎತ್ತಿದರೆ ನಾಳೆ ಬಿರುಸಾಗಿ ಎತ್ತಬಹುದು. ನಿನ್ನೆ ಅರ್ಜುನನಾದವನು ಇಂದು ದೇವೇಂದ್ರ. ನಿನ್ನೆಯ ರಂಗಸ್ಥಳ ಗದ್ದೆಯಲ್ಲಿ, ಇಂದಿನದು ಶಾಲೆಯ ಅಂಗಳದಲ್ಲಿ. ಹೀಗಾಗಿ ಕಲಾವಿದನ ಅಭ್ಯಾಸ ಒಂದು ಆಟಕ್ಕೆ ನಡೆಸಿದ ಸಿದ್ಧತೆಯಾಗಿರುವುದಿಲ್ಲ. ಯಾವ ಆಟಕ್ಕೂ ಒದಗುವ ಅಂಗಗಳ ಸಿದ್ಧತೆಯಾಗಿರುತ್ತದೆ. ಆ ಅಂಗಗಳನ್ನು ಯಾವಾಗ, ಯಾವ ಕ್ರಮದಲ್ಲಿ ಹೊರತೆಗೆಯಬೇಕೆಂಬುದು ಮೊದಲೇ ತಿಳಿದಿರುವುದಿಲ್ಲ. ವಿಜ್ಞಾನ ಕಂಡುಕೊಂಡ ಬಹುಮುಖ್ಯ ಸಂಗತಿ ಇದಕ್ಕೇ ಸಂಬಂಧಿಸಿದ್ದು.

ಚೆನ್ನಾಗಿ ಕಾಣುವ ಕೆಟ್ಟ ಅಭ್ಯಾಸ

1986ರಲ್ಲಿ ಅಮೆರಿಕದ ಗೂಡ್ ಮತ್ತು ಮ್ಯಾಗಿಲ್ ಎಂಬ ಸಂಶೋಧಕರು ಬ್ಯಾಡ್ಮಿಂಟನ್ ಬಾರದ ಕಾಲೇಜು ವಿದ್ಯಾರ್ಥಿನಿಯರಿಗೆ ಮೂರು ಬಗೆಯ ಸರ್ವಿಸ್ ಕಲಿಸಿದರು. ಒಂದು ಗುಂಪು ಒಂದು ದಿನ ಒಂದೇ ಬಗೆಯ ಸರ್ವಿಸನ್ನು ಅಭ್ಯಾಸ ಮಾಡಿತು. ಇನ್ನೊಂದು ಗುಂಪು ಮೂರನ್ನೂ ಕಲಸಿ, ಯಾವುದೇ ಕ್ರಮವಿಲ್ಲದೆ ಮಾಡಿತು. ಹೊಡೆತಗಳ ಒಟ್ಟು ಸಂಖ್ಯೆ ಎರಡೂ ಗುಂಪಿಗೆ ಸಮಾನ. ಅಭ್ಯಾಸವೆಲ್ಲ ಮುಗಿದು ಒಂದು ದಿನದ ನಂತರ ಪರೀಕ್ಷೆ ಮಾಡಿದಾಗ ಕಲಸಿ ಅಭ್ಯಾಸ ಮಾಡಿದವರೇ ಮುಂದಿದ್ದರು. ಅಂಕಣದ ಇನ್ನೊಂದು ಬದಿಯಿಂದ ಹೊಡೆಯಿರಿ ಎಂದಾಗಲೂ ಅವರೇ ಮುಂದು.

ಗಣಿತದಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. 2007ರಲ್ಲಿ ರೋಹ್ರರ್ ಮತ್ತು ಟೇಲರ್ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ನಾಲ್ಕು ಬಗೆಯ ಘನಾಕೃತಿಗಳ ಗಾತ್ರ ಕಂಡುಹಿಡಿಯುವ ಲೆಕ್ಕ ಕಲಿತರು. ಒಂದು ಗುಂಪಿಗೆ ಒಂದು ಬಗೆಯ ಲೆಕ್ಕವೆಲ್ಲ ಮುಗಿದ ಮೇಲೆ ಇನ್ನೊಂದು ಬಗೆಯದು. ನಮ್ಮ ಪಠ್ಯಪುಸ್ತಕಗಳ ಅಭ್ಯಾಸದಲ್ಲಿರುವಂತೆಯೇ. ಮತ್ತೊಂದು ಗುಂಪಿಗೆ ಎಲ್ಲವೂ ಕಲಸಿದ್ದು. ಅಭ್ಯಾಸದ ಹೊತ್ತಿಗೆ ಮೊದಲ ಗುಂಪಿನ ಉತ್ತರಗಳಲ್ಲಿ ಶೇ. 89 ಸರಿ, ಎರಡನೆಯ ಗುಂಪಿನಲ್ಲಿ ಕೇವಲ ಶೇ. 60. ಒಂದು ವಾರದ ನಂತರ ಪರೀಕ್ಷೆ ನಡೆಯಿತು. ಮೊದಲ ಗುಂಪು ಶೇ. 20ಕ್ಕೆ ಕುಸಿದರೆ ಎರಡನೆಯದು ಶೇ. 63ರಲ್ಲಿ ನಿಂತಿತು.

ಈ ಅಂಕಿಗಳನ್ನು ನಿಧಾನವಾಗಿ ನೋಡಬೇಕು. ಅಭ್ಯಾಸದ ದಿನ ಆ ತರಗತಿಗೆ ಪರಿವೀಕ್ಷಕರು ಬಂದಿದ್ದರೆ ಮೊದಲ ಗುಂಪಿನ ಬೆನ್ನು ತಟ್ಟಿ ಹೋಗುತ್ತಿದ್ದರು. ಕಾರಣ ಸ್ಪಷ್ಟ. ಒಂದೇ ಬಗೆಯ ಲೆಕ್ಕ ಸಾಲಾಗಿ ಬಂದಾಗ ಸೂತ್ರ ಯಾವುದೆಂದು ವಿದ್ಯಾರ್ಥಿ ಯೋಚಿಸಬೇಕಿಲ್ಲ. ಹಿಂದಿನ ಲೆಕ್ಕದ ಸೂತ್ರವೇ ಮುಂದಿನದಕ್ಕೂ. ಅವನು ಕಲಿತದ್ದು ಸೂತ್ರಕ್ಕೆ ಅಂಕಿ ತುಂಬುವುದನ್ನು. ಪರೀಕ್ಷೆಯಲ್ಲಿ, ಆಟದಲ್ಲಿ, ಬದುಕಿನಲ್ಲಿ ಬೇಕಾಗುವುದು ಇಲ್ಲಿ ಯಾವ ಸೂತ್ರ ಒದಗುತ್ತದೆ ಎಂಬ ಆಯ್ಕೆ. ಆ ಆಯ್ಕೆಯನ್ನು ಅವನು ಒಮ್ಮೆಯೂ ಅಭ್ಯಾಸ ಮಾಡಿರುವುದಿಲ್ಲ. ಕಬಡ್ಡಿಯ ಹುಡುಗ ಕಾಲು ಹಿಡಿಯುವುದನ್ನು ಐವತ್ತು ಸಲ ಸಾಲಾಗಿ ಅಭ್ಯಾಸ ಮಾಡಿದರೂ, ಈಗ ಕಾಲು ಹಿಡಿಯಬೇಕೋ ಸೊಂಟ ಹಿಡಿಯಬೇಕೋ ಎಂದು ಅರೆಕ್ಷಣದಲ್ಲಿ ತೀರ್ಮಾನಿಸುವುದು ಅವನಿಗೆ ಬಂದಿರಲಾರದು. ಭಾಗವತರು ಯಾವ ತಾಳ ಎತ್ತುತ್ತಾರೆಂದು ತಿಳಿಯದೆ ರಂಗಸ್ಥಳ ಹೊಕ್ಕ ಹುಡುಗ ಮಾತ್ರ ಆ ತೀರ್ಮಾನವನ್ನು ಪ್ರತಿ ರಾತ್ರಿ ಮಾಡುತ್ತಿದ್ದ.

ಅಭ್ಯಾಸವನ್ನು ದಿನಗಳ ಮೇಲೆ ಹರಡುವುದರ ಫಲವೂ ಹೀಗೆಯೇ. 1978ರಲ್ಲಿ ಬ್ಯಾಡ್ಲಿ ಮತ್ತು ಲಾಂಗ್‌ಮನ್ ಬ್ರಿಟನ್ನಿನ ಅಂಚೆ ನೌಕರರಿಗೆ ಕೀಲಿಮಣೆ ಕಲಿಸಿದ ವೃತ್ತಾಂತವನ್ನು ಪ್ರಕಟಿಸಿದರು. ದಿನಕ್ಕೆ ಒಂದೇ ಗಂಟೆ ಕಲಿತವರು ಸುಮಾರು 35 ಗಂಟೆಯಲ್ಲಿ ಕಲಿತದ್ದನ್ನು, ದಿನಕ್ಕೆ ನಾಲ್ಕು ಗಂಟೆ ಕುಳಿತವರು ಕಲಿಯಲು ಸುಮಾರು 50 ಗಂಟೆ ಬೇಕಾಯಿತು. ಸೋಜಿಗವೆಂದರೆ ಅತ್ಯಂತ ಅತೃಪ್ತರಾಗಿದ್ದವರು ದಿನಕ್ಕೆ ಒಂದು ಗಂಟೆಯ ಗುಂಪಿನವರು. ಉಳಿದವರು ದಿನಗಳ ಲೆಕ್ಕದಲ್ಲಿ ಮುಂದೆ ಹೋಗುತ್ತಿದ್ದಾರೆ, ತಾವು ಹಿಂದುಳಿದಿದ್ದೇವೆ ಎಂದು ಅವರಿಗೆ ಅನ್ನಿಸಿತ್ತು.

ಓದಿನಲ್ಲೂ ಇಂಥದೇ ಭ್ರಮೆ ಇದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಒಂದು ಗುಂಪಿಗೆ ಗದ್ಯಭಾಗವನ್ನು ಎರಡು ಸಲ ಓದಿಸಿದರು. ಇನ್ನೊಂದು ಗುಂಪು ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರಿಗೆ ಶೇ. 81, ನೆನೆದು ಬರೆದವರಿಗೆ ಶೇ. 75 ನೆನಪಿತ್ತು. ಒಂದು ವಾರದ ನಂತರ ಕೇಳಿದಾಗ ಎರಡು ಸಲ ಓದಿದವರಲ್ಲಿ ಶೇ. 42, ನೆನೆದು ಬರೆದವರಲ್ಲಿ ಶೇ. 56. ನೆನಪಿನಿಂದ ಎಳೆದು ತೆಗೆಯುವ ಶ್ರಮವೇ ನೆನಪನ್ನು ಬಲಪಡಿಸುತ್ತದೆ.

ಒಟ್ಟಿನಲ್ಲಿ ತಿಳಿಯುವುದಿಷ್ಟು: ಒಳ್ಳೆಯ ಅಭ್ಯಾಸ ಆ ಹೊತ್ತಿಗೆ ಒರಟಾಗಿ, ತಪ್ಪುಗಳಿಂದ ತುಂಬಿದಂತೆ ಕಾಣುತ್ತದೆ. ನಯವಾಗಿ ಕಾಣುವ ಅಭ್ಯಾಸ ವಾರ ಕಳೆಯುವುದರೊಳಗೆ ಕರಗಿರಬಹುದು. ಕಲಿಯುವವರಿಗೂ, ಕಲಿಸುವವರಿಗೂ, ಬಾಗಿಲಲ್ಲಿ ನಿಂತು ನೋಡುವ ತಂದೆತಾಯಿಗಳಿಗೂ ಇದು ಕಣ್ಣಿಗೆ ಕಾಣುವುದಿಲ್ಲ. ಅಭ್ಯಾಸದ ಹೊತ್ತಿನ ಸೊಗಸನ್ನೇ ಕಲಿಕೆ ಎಂದು ತಿಳಿದ ಉಪಾಧ್ಯಾಯರು ಶ್ರದ್ಧೆಯಿಂದಲೇ ದಾರಿ ತಪ್ಪುತ್ತಾರೆ.

ಹಾಗೆಂದು ಮೊದಲ ದಿನವೇ ಎಲ್ಲವನ್ನೂ ಕಲಸಬೇಕೆಂದಲ್ಲ. ತಾಳವೇ ಗೊತ್ತಿಲ್ಲದವನನ್ನು ರಂಗಸ್ಥಳಕ್ಕೆ ತಳ್ಳಿದರೆ ಅವನು ಕಲಿಯುವುದು ಹೆದರಿಕೆಯನ್ನು. ಒಂದೊಂದು ಅಂಗವೂ ಸ್ವಲ್ಪ ಕೈಗೆ ಹತ್ತಿದ ಮೇಲೆ ಕಲಸುವ ಕಾಲ. ಹೆಜ್ಜೆಯ ಪಾಠ ಬಿಡಿಬಿಡಿಯಾಗಿಯೂ ಮೇಳದ ತಿರುಗಾಟ ಕಲಸಿದಂತೆಯೂ ಇದ್ದುದರ ಔಚಿತ್ಯ ಇಲ್ಲಿದೆ.

ಗುರುವಿನ ಮಾತು

ಅಭ್ಯಾಸದಲ್ಲಿ ಗುರು ಎಷ್ಟು ಮಾತಾಡಬೇಕು? ಅಮೆರಿಕದ ಬಾಸ್ಕೆಟ್‌ಬಾಲ್ ತರಬೇತುದಾರ ಜಾನ್ ವುಡನ್ ಅವರ ಕೊನೆಯ ವರ್ಷದ, ಅಂದರೆ 1974-75ರ ಅಭ್ಯಾಸ ಶಿಬಿರಗಳಲ್ಲಿ ಥಾರ್ಪ್ ಮತ್ತು ಗ್ಯಾಲಿಮೋರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಕುಳಿತು ಅವರ ಪ್ರತಿ ಮಾತನ್ನೂ ಗುರುತು ಹಾಕಿಕೊಂಡರು. ದಾಖಲಾದ 2,326 ನುಡಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಏನನ್ನು ಹೇಗೆ ಮಾಡಬೇಕೆಂಬ ಚಿಕ್ಕ ಸೂಚನೆಗಳು. ಬರಿಯ ಹೊಗಳಿಕೆಯೂ ಬರಿಯ ಬೈಗುಳವೂ ತಲಾ ಶೇ. 7ರ ಆಸುಪಾಸು. ತಪ್ಪಿದ ಆಟಗಾರನಿಗೆ ಅವರು ಸರಿಯಾದದ್ದನ್ನು ಮಾಡಿ ತೋರಿಸಿ, ಅವನು ಮಾಡಿದ್ದನ್ನು ಅನುಕರಿಸಿ ತೋರಿಸಿ, ಮತ್ತೆ ಸರಿಯಾದದ್ದನ್ನು ತೋರಿಸುತ್ತಿದ್ದರು. ಎಲ್ಲ ಸೇರಿ ಕೆಲವೇ ಸೆಕೆಂಡು.

ಬಡಗುತಿಟ್ಟಿನ ಒಳ್ಳೆಯ ಗುರುಗಳ ತರಗತಿಯನ್ನು ಕಂಡವರಿಗೆ ಇದು ಪರಿಚಿತ ದೃಶ್ಯ. ಹೆಜ್ಜೆ ತಪ್ಪಿದ ಪೆಟ್ಟಿನಲ್ಲೇ ತಾಳ ನಿಲ್ಲುತ್ತದೆ. ಗುರು ಎದ್ದು ಆ ಒಂದು ತುಂಡನ್ನು ಮಾತ್ರ ಹಾಕಿ ತೋರಿಸುತ್ತಾರೆ. ತಾಳ ಮತ್ತೆ ಆರಂಭ. 'ಸರಿಯಿಲ್ಲ' ಎಂಬ ಮಾತಿಗಿಂತ ಸರಿ ತಪ್ಪಿದ್ದು ಯಾವ ಪೆಟ್ಟಿನಲ್ಲಿ ಎಂಬುದು ತಿಳಿಯುವುದೇ ವಿದ್ಯಾರ್ಥಿಗೆ ಬೇಕಾದದ್ದು.

ಹಳೆಯ ಪದ್ಧತಿಯನ್ನು ಹೊಗಳುವ ಭರದಲ್ಲಿ ಅದರ ಕೊರತೆಯನ್ನು ಮರೆಯಬಾರದು. ತಾಳದ ಕೋಲು ನೆಲಕ್ಕೆ ಬೀಳುವಂತೆ ಹುಡುಗರ ಕಾಲಿಗೂ ಬೀಳುತ್ತಿದ್ದ ಕಾಲವಿತ್ತು. ಪೆಟ್ಟಿನಿಂದ ತಪ್ಪಿನ ಜಾಗ ತಿಳಿಯುವುದಿಲ್ಲ, ತಪ್ಪನ್ನು ಬಚ್ಚಿಡುವ ಜಾಣತನ ಬರುತ್ತದೆ. ಮೇಳದ ಬಾಗಿಲು ಹೆಣ್ಣುಮಕ್ಕಳಿಗೆ ತೆರೆದಿರಲಿಲ್ಲ. ನಿದ್ದೆಗೆಟ್ಟು, ಅರೆಹೊಟ್ಟೆಯಲ್ಲಿ ತಿರುಗಿ, ನಡುವೆ ಬಿಟ್ಟುಹೋದ ಹುಡುಗರ ಹೆಸರು ಯಾರಿಗೂ ನೆನಪಿಲ್ಲ. ಉಳಿದು ಮೆರೆದವರನ್ನು ಮಾತ್ರ ನೋಡಿ ಪದ್ಧತಿಯ ಬೆಲೆ ಕಟ್ಟಿದರೆ ಲೆಕ್ಕ ತಪ್ಪುತ್ತದೆ.

ಆ ಕೊರತೆಗಳನ್ನು ತಿದ್ದುವ ಪ್ರಯತ್ನವೂ ಇದೇ ನೆಲದಲ್ಲಿ ನಡೆಯಿತು. 1971ರಲ್ಲಿ ಉಡುಪಿಯಲ್ಲಿ ಆರಂಭವಾದ ಯಕ್ಷಗಾನ ಕೇಂದ್ರ ಕೋಟ ಶಿವರಾಮ ಕಾರಂತರ ಮಾರ್ಗದರ್ಶನವನ್ನು ಪಡೆಯಿತು. ಮಟಪಾಡಿ ವೀರಭದ್ರ ನಾಯಕ್, ನೀಲಾವರ ರಾಮಕೃಷ್ಣಯ್ಯ, ಹಿರಿಯಡಕ ಗೋಪಾಲ ರಾವ್ ಅವರಂಥ ಹಿರಿಯರು ಅಲ್ಲಿ ಕಲಿಸಿದರು. ಮುಂದೆ ಬನ್ನಂಜೆ ಸಂಜೀವ ಸುವರ್ಣರು ಅಲ್ಲಿ ಗುರುಗಳಾದರು. ಐರೋಡಿಯ ಹಂಗಾರಕಟ್ಟೆಯ ಯಕ್ಷಗಾನ ಕಲಾಕೇಂದ್ರದಲ್ಲಿ ನಾರಣಪ್ಪ ಉಪ್ಪೂರರು ಭಾಗವತಿಕೆಯ ಪಾಠ ಹೇಳಿದರು. ಗುಂಡ್ಮಿ ಕಾಳಿಂಗ ನಾವಡರು (1958-1990) ಅವರ ಶಿಷ್ಯರು. ನಾವಡರ ಕಂಠ ದೈವದತ್ತವೆಂದು ಅಭಿಮಾನಿಗಳು ಹೇಳುವುದುಂಟು. ಆ ಕಂಠದ ಹಿಂದೆ ಭಾಗವತರಾಗಿದ್ದ ತಂದೆಯ ಮನೆ, ಗುರುವಿನ ಪಾಠ, ಮೇಳದಲ್ಲಿ ಹಿರಿಯರ ಜತೆ ಕುಳಿತು ಕಳೆದ ರಾತ್ರಿಗಳು ಇದ್ದವು.

ಒಂದು ಕಿಲೋದ ಲೆಕ್ಕ

ಆಟದ ಮಾತಿಗೆ ಬಂದರೆ, ಕುಂದಾಪುರದ ವಂಡ್ಸೆ ಭಾಗದಿಂದ ಬಂದ ಗುರುರಾಜ ಪೂಜಾರಿಯವರ ಹೆಸರು ಎಲ್ಲರಿಗೂ ತಿಳಿದದ್ದು. ಕುಸ್ತಿಯ ಆಸೆಯಿದ್ದ ಅವರು ಉಜಿರೆಯಲ್ಲಿ ಕಾಲೇಜು ಓದುವಾಗ ಭಾರ ಎತ್ತುವ ಕಡೆಗೆ ತಿರುಗಿದರು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕಿಲೋ ವಿಭಾಗದಲ್ಲಿ 111 ಮತ್ತು 138, ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಗೆದ್ದರು. 2022ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ 61 ಕಿಲೋ ವಿಭಾಗದಲ್ಲಿ 118 ಮತ್ತು 151, ಒಟ್ಟು 269 ಕಿಲೋ ಎತ್ತಿ ಕಂಚು ಪಡೆದರು. ದೇಹತೂಕದ ವಿಭಾಗ ಬೇರೆಯಾದ್ದರಿಂದ ಎರಡನ್ನೂ ನೇರವಾಗಿ ತೂಗುವಂತಿಲ್ಲ. ಆದರೂ ನಾಲ್ಕು ವರ್ಷಕ್ಕೆ 20 ಕಿಲೋ ಎಂಬುದನ್ನು ಗಮನಿಸಬೇಕು.

ಭಾರ ಎತ್ತುವ ಸ್ಪರ್ಧೆಯಲ್ಲಿ ತೂಕ ಏರುವುದು ಕಿಲೋ ಲೆಕ್ಕದಲ್ಲಿ. ಒಂದು ಕಿಲೋ ಹೆಚ್ಚಿಸುವುದಕ್ಕೆ ತಿಂಗಳುಗಳು ಹಿಡಿಯಬಹುದು. ಸ್ನಾಯು ಬಲಗೊಳ್ಳುವುದು ಎತ್ತುವಾಗಲ್ಲ, ಎತ್ತಿದ ಮೇಲಿನ ವಿಶ್ರಾಂತಿಯಲ್ಲಿ. ನಿನ್ನೆ ಎತ್ತಿದ್ದನ್ನೇ ಇಂದೂ ಎತ್ತುತ್ತಿದ್ದರೆ ಮುನ್ನಡೆಯಿಲ್ಲ. ಎತ್ತಲಾಗದ್ದಕ್ಕೆ ಕೈಹಾಕಿದರೆ ಸೊಂಟ ಮುರಿಯುತ್ತದೆ. ಇವೆರಡರ ನಡುವಿನ ಸಣ್ಣ ಪಟ್ಟಿಯಲ್ಲೇ ಕಲಿಕೆಯ ಕೆಲಸ ನಡೆಯುವುದು. ಕಬ್ಬಿಣದ ತಟ್ಟೆಗಳಲ್ಲಿ ಈ ಪಟ್ಟಿ ಕಣ್ಣಿಗೆ ಕಾಣುತ್ತದೆ. ಗಣಿತದ ತರಗತಿಯಲ್ಲಿ ಅದನ್ನು ಪ್ರತಿ ಮಗುವಿಗೂ ಬೇರೆಬೇರೆಯಾಗಿ ಹುಡುಕಬೇಕಾದದ್ದು ಉಪಾಧ್ಯಾಯರ ಕಷ್ಟ.

ಕಳಚಿದ ಮೆಟ್ಟಿಲು

ಈಗ ಮೇಳಗಳ ಪರಿಸ್ಥಿತಿ ಬದಲಾಗಿದೆ. ರಾತ್ರಿ ಹತ್ತರ ನಂತರದ ಧ್ವನಿವರ್ಧಕಕ್ಕೆ 2000ದ ಶಬ್ದಮಾಲಿನ್ಯ ನಿಯಮಗಳ ಕಟ್ಟು ಬಂತು. ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದ ಪ್ರೇಕ್ಷಕನಿಗೆ ಇಡೀ ರಾತ್ರಿ ಕೂರುವ ವ್ಯವಧಾನವಿಲ್ಲ. ಹಲವೆಡೆ ಕಾಲಮಿತಿಯ ಆಟಗಳು ರೂಢಿಯಾಗಿವೆ. ಸಮಯ ಕಡಿತವಾದಾಗ ಮೊದಲು ಕತ್ತರಿ ಬೀಳುವುದು ಪೂರ್ವರಂಗಕ್ಕೆ. ಪ್ರೇಕ್ಷಕನಿಗೆ ಅದರಿಂದ ನಷ್ಟವಾದಂತೆ ತೋರುವುದಿಲ್ಲ. ಹೊಸ ಹುಡುಗನಿಗೆ ಮಾತ್ರ ಕೆಳಗಿನ ಮೆಟ್ಟಿಲುಗಳೇ ಇಲ್ಲದಂತಾಗುತ್ತವೆ. ತಪ್ಪಲು ಅವಕಾಶವಿದ್ದ ಜಾಗ ಹೋಗಿ, ಮೊದಲ ದಿನವೇ ತಪ್ಪಬಾರದ ಜಾಗ ಉಳಿದಿದೆ.

ಆ ಮೆಟ್ಟಿಲುಗಳನ್ನು ಬೇರೆಡೆ ಕಟ್ಟುವ ಕೆಲಸ ಆಗದಿಲ್ಲ. 1975ರಲ್ಲಿ ಕಾರ್ಕಡ ಶ್ರೀನಿವಾಸ ಉಡುಪ ಮತ್ತು ಎಚ್. ಶ್ರೀಧರ ಹಂದೆಯವರು ಕಟ್ಟಿದ ಸಾಲಿಗ್ರಾಮ ಮಕ್ಕಳ ಮೇಳ ಮಕ್ಕಳಿಗೇ ಪೂರ್ಣ ರಂಗಸ್ಥಳವನ್ನು ಬಿಟ್ಟುಕೊಟ್ಟಿತು. ಉಡುಪಿಯ ಯಕ್ಷಶಿಕ್ಷಣ ಟ್ರಸ್ಟ್ ಹಲವು ಪ್ರೌಢಶಾಲೆಗಳಲ್ಲಿ ಯಕ್ಷಗಾನವನ್ನು ಕಲಿಸುತ್ತಿದೆ. ಹೆಣ್ಣುಮಕ್ಕಳೂ ಗೆಜ್ಜೆ ಕಟ್ಟುತ್ತಿದ್ದಾರೆ. ಇವು ಸಣ್ಣ ಸಾಧನೆಗಳಲ್ಲ.

ಆದರೆ ಎಲ್ಲ ಕಲಿಕೆಯನ್ನೂ ಕಾಡುವ ಒಂದು ಅಪಾಯ ಇಲ್ಲೂ ಇದೆ. ವರ್ಷಕ್ಕೊಂದು ಪ್ರದರ್ಶನ, ಅದಕ್ಕೊಂದು ಪ್ರಸಂಗ, ಮಗುವಿಗೊಂದು ಪಾತ್ರ. ಅದೇ ಪದ್ಯಕ್ಕೆ ಅದೇ ಕುಣಿತ, ಅದೇ ಬರೆದುಕೊಟ್ಟ ಮಾತು, ತಿಂಗಳುಗಟ್ಟಲೆ. ವಾರ್ಷಿಕೋತ್ಸವದ ದಿನ ಸೊಗಸಾಗಿ ಕುಣಿದ ಮಗುವಿಗೆ ಮರುದಿನ ಅದೇ ತಾಳದ ಬೇರೆ ಪದ್ಯ ಹಾಡಿದರೆ ಕಾಲು ಏಳುವುದಿಲ್ಲ. ಅದು ಕಲಿತದ್ದು ಒಂದು ಆಟವನ್ನೇ ಹೊರತು ಯಕ್ಷಗಾನವನ್ನಲ್ಲ. ಪರೀಕ್ಷೆಗೆ ಬರಬಹುದಾದ ಹತ್ತು ಪ್ರಶ್ನೆಗಳಿಗೆ ಉತ್ತರ ಬಾಯಿಪಾಠ ಮಾಡಿದ ವಿದ್ಯಾರ್ಥಿಯದೂ, ಪಂದ್ಯಾಟಕ್ಕೆ ವಾರವಿರುವಾಗ ದಿನಕ್ಕೆ ಐದು ಗಂಟೆ ಬೆವರು ಸುರಿಸುವ ತಂಡದ್ದೂ ಇದೇ ಕಥೆ.

ಪರಿಹಾರಕ್ಕೆ ಹಣ ಬೇಕಿಲ್ಲ, ಸಮಯದ ಹಂಚಿಕೆ ಬೇಕು. ನೃತ್ಯದ ತರಗತಿಯಲ್ಲಿ ಕೊನೆಯ ಹದಿನೈದು ನಿಮಿಷ ಮಕ್ಕಳು ಕೇಳದ ಪದ್ಯವನ್ನು ಎತ್ತಿ ಕುಣಿಯಲು ಬಿಡಬಹುದು. ಗಣಿತದ ಮನೆಗೆಲಸದಲ್ಲಿ ಇಂದಿನ ಪಾಠದ ಎರಡು ಲೆಕ್ಕ, ಕಳೆದ ವಾರದ ಎರಡು, ಕಳೆದ ತಿಂಗಳ ಒಂದನ್ನು ಕಲಸಿ ಕೊಡಬಹುದು. ಪಾಠ ತೊಡಗುವ ಮೊದಲು ಪುಸ್ತಕ ಮುಚ್ಚಿಸಿ ನಿನ್ನೆಯ ಪಾಠದ ಮೂರು ಸಂಗತಿ ಬರೆಸಬಹುದು. ಅದಕ್ಕೆ ಅಂಕ ಕೊಡದಿದ್ದರೆ ಇನ್ನೂ ಒಳ್ಳೆಯದು. ವಾಲಿಬಾಲ್ ಅಂಗಣದಲ್ಲಿ ಒಂದೇ ಜಾಗದಿಂದ ನೂರು ಸರ್ವಿಸ್ ಮಾಡಿಸುವ ಬದಲು ಪ್ರತಿ ಸಲವೂ ಜಾಗವನ್ನೋ ಗುರಿಯನ್ನೋ ಬದಲಿಸಬಹುದು. ಭಾನುವಾರದ ನಾಲ್ಕು ಗಂಟೆಯನ್ನು ನಾಲ್ಕು ಸಂಜೆಗೆ ಹಂಚಬಹುದು. ಬೈಯುವ ಬಾಯಿ ಬಂದಾಗ ತಪ್ಪಿದ ತುಂಡನ್ನು ಒಮ್ಮೆ ಮಾಡಿ ತೋರಿಸಬಹುದು.

ಇದರ ಜತೆಗೆ ಒಂದು ಕಷ್ಟದ ಕೆಲಸವೂ ಇದೆ. ಇಂಥ ತರಗತಿಯಲ್ಲಿ ಮಕ್ಕಳು ಹೆಚ್ಚು ತಪ್ಪುತ್ತಾರೆ, ಬೇಸರಪಡುತ್ತಾರೆ. ಮನೆಯವರು ಮಗುವಿಗೆ ಏನೂ ಬಂದಿಲ್ಲ ಎಂದು ದೂರುತ್ತಾರೆ. ಬ್ರಿಟನ್ನಿನ ಅಂಚೆ ನೌಕರರಂತೆ, ಚೆನ್ನಾಗಿ ಕಲಿಯುತ್ತಿರುವವರಿಗೇ ತಾವು ಹಿಂದುಳಿದೆವೆಂದು ತೋರುತ್ತದೆ. ಅವರಿಗೆ ಮೊದಲೇ ತಿಳಿಹೇಳಿ, ಒಂದೆರಡು ತಿಂಗಳ ಫಲಕ್ಕೆ ಕಾಯುವ ತಾಳ್ಮೆ ಗುರುವಿಗೆ ಇರಬೇಕು. ಆಡಳಿತ ಮಂಡಳಿಗೂ ಇರಬೇಕು.

ಹಳೆಯ ಮೇಳದಲ್ಲಿ ಈ ತಾಳ್ಮೆಯನ್ನು ಯಾರೂ ಪ್ರತ್ಯೇಕವಾಗಿ ಕಲಿಯಬೇಕಿರಲಿಲ್ಲ. ಜನ ಇನ್ನೂ ಸೇರಿರದ ಬಯಲಿನಲ್ಲಿ, ಕೋಡಂಗಿಯ ಹುಡುಗ ಹೆಜ್ಜೆ ತಪ್ಪುತ್ತಿದ್ದ, ಮಾರನೆಯ ರಾತ್ರಿ ಇನ್ನೊಂದು ಊರಿನಲ್ಲಿ ಮತ್ತೆ ಕುಣಿಯುತ್ತಿದ್ದ. ಅವನು ತಪ್ಪುತ್ತಾನೆಂಬುದು ಚೌಕಿಯಲ್ಲಿದ್ದ ಹಿರಿಯರಿಗೆಲ್ಲ ಗೊತ್ತಿತ್ತು. ಅವರೆಲ್ಲ ಒಂದು ಕಾಲಕ್ಕೆ ಅದೇ ವೇಷ ಕಟ್ಟಿದವರು.